ಹಿಮ ಬೀಳುವ ಊರಲ್ಲಿ ಬಾತುಕೋಳಿ: ನೀರು, ಫೀಡ್, ಒಣ ಗೂಡು

ಬಾತುಕೋಳಿ ಚಳಿಗೆ ಸುಲಭವಾಗಿ ಸೋಲುವ ಹಕ್ಕಿಯಲ್ಲ. ಅಮೆರಿಕದ ಮಿನ್ನೆಸೋಟಾ, ಮಿಷಿಗನ್, ಕೆನಡಾದ ಒಂಟಾರಿಯೊ ಕಡೆ ಹಿತ್ತಲಲ್ಲಿ ಸಾಕಿದ ಬಾತುಗಳು ಹಿಮದ ಮೇಲೂ ಆರಾಮವಾಗಿ ಓಡಾಡಿಕೊಂಡಿರುತ್ತವೆ. ಅವುಗಳ ಆರೋಗ್ಯ ಕೆಡಿಸುವುದು ಒದ್ದೆ. ಹಾಸು ನೆನೆದರೆ ಹಿಕ್ಕೆಯಿಂದ ಅಮೋನಿಯಾ ಏಳುತ್ತದೆ, ಗೂಡಿನ ಗಾಳಿಯಲ್ಲಿ ತೇವ ಕಟ್ಟಿಕೊಳ್ಳುತ್ತದೆ, ಪಾದಕ್ಕೆ ಹುಣ್ಣು ಬರುತ್ತದೆ. ಹಾಗಾಗಿ ನೀರನ್ನು ಗೂಡಿನೊಳಗೆ ಇಡಲೇಬೇಡಿ.

ನೀರಿಲ್ಲದ ಕಡೆ ಫೀಡೂ ಇರಬಾರದು. ಬಾತು ಪ್ರತಿ ತುತ್ತಿಗೂ ನೀರಿಗೆ ಓಡುತ್ತದೆ. ನೀರಿಲ್ಲದೆ ಒಣ ಫೀಡ್ ತಿಂದರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಬೆಳೆದ ಬಾತುಗಳು ರಾತ್ರಿ ಎಂಟು ಹತ್ತು ಗಂಟೆ ಎರಡೂ ಇಲ್ಲದೆ ಇರಬಲ್ಲವು. ಆದರೆ ಡಿಸೆಂಬರಿನಲ್ಲಿ ಆ ಕಡೆ ಕತ್ತಲೆಯೇ ಸುಮಾರು 15 ಗಂಟೆ. ಸಂಜೆ ಐದಕ್ಕೇ ಬಾಗಿಲು ಹಾಕಿಬಿಡುವುದು ಸರಿಯಲ್ಲ. ಒಂಬತ್ತರ ಹೊತ್ತಿಗೆ ಬಲೆ ಹಾಕಿದ ಅಂಗಳಕ್ಕೆ ಮತ್ತೊಮ್ಮೆ ಬಿಟ್ಟು, ನೀವೂ ಅಲ್ಲೇ ನಿಂತು, ತಿನ್ನಿಸಿ ಕುಡಿಸಿ ಒಳಗೆ ಕಳಿಸಿ.

ಪಾತ್ರೆಯ ನೀರು ಹತ್ತು ಸೆಂಟಿಮೀಟರಾದರೂ ಆಳ ಇರಬೇಕು. ಬಾತು ಕೊಕ್ಕನ್ನು ಕಣ್ಣಿನವರೆಗೂ ಮುಳುಗಿಸಿ, ಫೂ ಎಂದು ಊದಿ, ಮೂಗಿನ ಹೊಳ್ಳೆ ತೊಳೆದುಕೊಳ್ಳುತ್ತದೆ. ಕೊಕ್ಕು ತಾಗಿದಾಗ ಹನಿ ಬಿಡುವ ನಿಪ್ಪಲ್ ಕೊಳವೆಯಲ್ಲಿ ಇದು ಆಗುವುದಿಲ್ಲ, ಮೇಲಾಗಿ ಅದು ಮೊದಲ ಚಳಿಗೇ ಹೆಪ್ಪುಗಟ್ಟುತ್ತದೆ. ಥರ್ಮೋಸ್ಟಾಟ್ (ಬಿಸಿಯನ್ನು ತಾನೇ ಹಿಡಿತದಲ್ಲಿಡುವ ಸಾಧನ) ಇರುವ, ಕರೆಂಟಿನ ಬಿಸಿ ಬಕೆಟ್ ಒಳ್ಳೆಯದು. ಅದಕ್ಕೊಂದು ಮುಚ್ಚಳ ಹಾಕಿ, 10-12 ಸೆಂಟಿಮೀಟರ್ ಅಗಲದ ತೂತು ಕೊರೆದು ಅಂಚನ್ನು ಉಜ್ಜಿ ನಯ ಮಾಡಿ. ತಲೆ ಹೋಗುತ್ತದೆ, ಮೈ ಹೋಗುವುದಿಲ್ಲ, ನೀರು ಚೆಲ್ಲುವುದೂ ಕಡಿಮೆ. ಕರೆಂಟ್ ಸೋರಿಕೆಯಾದರೆ ತಾನೇ ಕಡಿತವಾಗುವ ಪ್ಲಗ್‌ಗೇ ವೈರ್ ಜೋಡಿಸಿ. ಗೂಡಿನಲ್ಲಿ ಹೀಟ್ ಲ್ಯಾಂಪ್ ತೂಗುಹಾಕಬೇಡಿ, ಒಣಹುಲ್ಲಿಗೆ ಬೆಂಕಿ ಹತ್ತುತ್ತದೆ.

ಕರೆಂಟ್ ಇಲ್ಲದಿದ್ದರೆ ಕಪ್ಪು ರಬ್ಬರ್ ಟಬ್ ಎರಡು ಇಟ್ಟುಕೊಂಡು ದಿನಕ್ಕೆ ಮೂರು ಸಲ ಬದಲಿಸಿ. ರಬ್ಬರನ್ನು ಮಗುಚಿ ತುಳಿದರೆ ಮಂಜುಗಡ್ಡೆ ಇಡಿಯಾಗಿ ಹೊರಬೀಳುತ್ತದೆ. ಪ್ಲಾಸ್ಟಿಕ್ ಒಡೆಯುತ್ತದೆ. ಹೆಪ್ಪುಗಟ್ಟದಿರಲಿ ಎಂದು ಉಪ್ಪುನೀರು ತುಂಬಿದ ಬಾಟಲಿ ತೇಲಿಬಿಡುವವರಿದ್ದಾರೆ. ಬಾಟಲಿ ಸೀಳಿದರೆ ಉಪ್ಪು ಬಾತಿನ ಹೊಟ್ಟೆಗೆ ಹೋಗುತ್ತದೆ, ಅದು ವಿಷ. ಬೇಡವೇ ಬೇಡ.

ಇನ್ನು ಚೆಲ್ಲುವ ನೀರು. ಬೇಸಿಗೆಯಲ್ಲಿ ಬಕೆಟ್ ಕೆಳಗೆ ಜಲ್ಲಿ ಗುಂಡಿ ಸಾಕು, ನೀರು ಇಂಗುತ್ತದೆ. ನೆಲ ಹೆಪ್ಪುಗಟ್ಟಿದ ಮೇಲೆ ಇಂಗಲು ಜಾಗವಿಲ್ಲದೆ ಅದೇ ಗುಂಡಿ ಜಾರುವ ಮಂಜಿನ ಹಾಳೆಯಾಗುತ್ತದೆ. ಸಿಮೆಂಟ್ ಕಲಸುವ ಅಗಲ ಟಬ್ ತಂದು, ಅದರ ಮೇಲೆ ಕೂರುವಂತೆ ಮರದ ಚೌಕಟ್ಟು ಮಾಡಿ, ಅರ್ಧ ಇಂಚಿನ ಕಣ್ಣಿನ ಬೆಸುಗೆ ಜಾಲರಿ ಹೊಡೆಯಿರಿ. ಕತ್ತರಿಸಿದ ತಂತಿಯ ತುದಿಗಳನ್ನು ಕೆಳಕ್ಕೆ ಮಡಚಲೇಬೇಕು, ಇಲ್ಲವಾದರೆ ಪಾದ ಸೀಳುತ್ತದೆ. ಬಕೆಟ್ ಈ ಜಾಲರಿಯ ಮೇಲಿರಲಿ. ಚೆಲ್ಲಿದ್ದೆಲ್ಲ ಟಬ್ಬಿಗೆ ಬೀಳುತ್ತದೆ. ಅದು ಗಟ್ಟಿಯಾಗುವ ಮುಂಚೆ, ಸಂಜೆಯೇ, ಗೂಡಿನಿಂದ ದೂರ ಚೆಲ್ಲಿ.

ಫೀಡ್ ಪೆಲೆಟ್, ಅಂದರೆ ಒತ್ತಿ ಮಾಡಿದ ಗುಳಿಗೆ, ಆಗಿರಲಿ. ಪುಡಿ ಫೀಡ್ ಒದ್ದೆ ಕೊಕ್ಕಿಗೆ ಮೆತ್ತಿ ಹೊಳ್ಳೆ ಮುಚ್ಚುತ್ತದೆ, ಬಕೆಟ್ ತಳದಲ್ಲಿ ಗಂಜಿಯಾಗುತ್ತದೆ. ದೊಡ್ಡ ಬಾತಿಗೆ ದಿನಕ್ಕೆ 150-200 ಗ್ರಾಂ. ಕಡು ಚಳಿಯಲ್ಲಿ ಇನ್ನೂ ಸ್ವಲ್ಪ ಹೆಚ್ಚು, ಸಂಜೆಗೆ ಒಂದಿಷ್ಟು ಒಡೆದ ಮೆಕ್ಕೆಜೋಳ. ಜೋಳ ಕೊಟ್ಟರೆ ದಪ್ಪ ಮರಳನ್ನೂ ಇಡಿ, ಅರೆಯಲು ಬೇಕು. ಕೋಳಿ ಫೀಡ್ ಕೊಡುವವರು ಬ್ರೂವರ್ಸ್ ಯೀಸ್ಟ್ (ಬಿಯರ್ ತಯಾರಿಕೆಯ ಯೀಸ್ಟ್) ಬೆರೆಸಲಿ, ಬಾತಿಗೆ ಅದರಲ್ಲಿರುವ ನಯಾಸಿನ್ (ಬಿ3 ವಿಟಮಿನ್) ಕೋಳಿಗಿಂತ ಹೆಚ್ಚು ಬೇಕು. ಫೀಡರನ್ನು ನೀರಿನಿಂದ ಐದಾರು ಅಡಿ ದೂರ, ಮಾಡಿನ ಕೆಳಗೆ, ಬಾತಿನ ಬೆನ್ನಿನ ಎತ್ತರಕ್ಕೆ ಇಡಿ.

ನೆನೆದ ಫೀಡನ್ನು ಅಂದಂದೇ ತೆಗೆಯಿರಿ. ಹಿಮ ಕರಗುವ ನಾಲ್ಕು ದಿನ ಬಂದರೆ ಬೂಷ್ಟು ಹಿಡಿಯುತ್ತದೆ, ಬಾತುಮರಿಗಳಿಗಂತೂ ಬೂಷ್ಟಿನ ವಿಷ ಬೇಗ ತಗಲುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ ತಿಂದು ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು, ಬಾತುಮರಿಗಳೂ ಸತ್ತವು. ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷ ಪತ್ತೆಯಾದದ್ದು ಆ ಸಾವುಗಳ ಬೆನ್ನು ಹತ್ತಿದಾಗ.

ಸ್ನಾನಕ್ಕೆ ಬಿಸಿಲಿರುವ ಮಧ್ಯಾಹ್ನ ನೋಡಿ ವಾರಕ್ಕೆ ಒಂದೆರಡು ಸಲ ಟಬ್ ತುಂಬಿ. ಪೂರ್ತಿ ನಿಲ್ಲಿಸಿದರೆ ಗರಿಯ ಎಣ್ಣೆ ಕೆಟ್ಟು ಮೈ ನೀರು ಹೀರತೊಡಗುತ್ತದೆ.

ಕೊಡಗು, ಚಿಕ್ಕಮಗಳೂರಿನ ಚಳಿಗೆ ಬಿಸಿ ಬಕೆಟ್ ಬೇಕಿಲ್ಲ. ಜಾಲರಿ ಮತ್ತು ಟಬ್ ಅಲ್ಲೂ ಬೇಕು. ಗೂಡಿನ ನೆಲಕ್ಕೆ ಹಾಸಾಗಿ ಭತ್ತದ ಹೊಟ್ಟು ನಾಲ್ಕು ಇಂಚು ಹಾಕಿ, ದಿನವೂ ಕೆದಕಿ, ಗಂಟು ಕಟ್ಟಿದ್ದನ್ನು ತೆಗೆದು ಅಷ್ಟೇ ಒಣ ಹೊಟ್ಟು ಸೇರಿಸಿ.