ಟೆಕ್ಸಾಸಿನ ನಾಯಿಗೂಡಿನಲ್ಲಿ ಕಂಡ ಚಾಗಸ್ ರೋಗ

ಕರ್ನಾಟಕದಲ್ಲಿ ಪಶುವೈದ್ಯಕೀಯ ಓದುವಾಗ ಟ್ರಿಪನೊಸೋಮ ಎಂಬ ಏಕಕೋಶದ ಪರಾವಲಂಬಿ ಎಂದರೆ ನಮ್ಮ ಕಣ್ಣ ಮುಂದೆ ಬರುತ್ತಿದ್ದುದು ಕಚ್ಚುವ ನೊಣಗಳು ಜಾನುವಾರುಗಳಿಗೆ ಹರಡುವ ಸರ್ರಾ ರೋಗ. ಚಾಗಸ್ ರೋಗ ತರುವ, ಅದೇ ಕುಲದ ಟ್ರಿಪನೊಸೋಮ ಕ್ರೂಜಿಯನ್ನು ಬ್ರೆಜಿಲ್‌ನ ಕಾರ್ಲೋಸ್ ಚಾಗಸ್ 1909ರಲ್ಲಿ ಗುರುತಿಸಿದರೆಂದು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆವು, ಅಷ್ಟೆ. ಅದು ನಾಯಿಗಳಿಗೆ ಏನು ಮಾಡುತ್ತದೆಂಬುದು ನನಗೆ ಮನದಟ್ಟಾದದ್ದು ದಕ್ಷಿಣ ಟೆಕ್ಸಾಸಿನ ಒಂದು ಜಾನುವಾರು ಫಾರ್ಮಿನಲ್ಲಿ.

ಅಲ್ಲಿ ಎಳೆಯ ಬೇಟೆನಾಯಿಯೊಂದು ಓಡುತ್ತಿದ್ದಂತೆಯೇ ಕುಸಿದು ಸತ್ತಿತ್ತು. ಶವಪರೀಕ್ಷೆಯಲ್ಲಿ ಅದರ ಹೃದಯದ ಸ್ನಾಯುವಿನೊಳಗೆ ಈ ಪರಾವಲಂಬಿಗಳು ಗುಂಪುಗಟ್ಟಿರುವುದು ಕಂಡಿದ್ದರಿಂದ, ಉಳಿದ ನಾಯಿಗಳ ರಕ್ತ ಸಂಗ್ರಹಿಸಲು ಹಿರಿಯ ವೈದ್ಯರೊಂದಿಗೆ ನಾನೂ ಹೋಗಿದ್ದೆ. ಗೂಡುಗಳನ್ನು ಯಜಮಾನರು ಅಚ್ಚುಕಟ್ಟಾಗಿಯೇ ಇಟ್ಟಿದ್ದರು. ಆದರೆ ಗೋಡೆಗೆ ತಾಗಿಕೊಂಡೇ ಸೌದೆಯ ರಾಶಿಯಿತ್ತು, ಬಾಗಿಲ ಮೇಲೆ ರಾತ್ರಿಯಿಡೀ ಉರಿಯುವ ದೀಪವಿತ್ತು, ಬೇಲಿಯಾಚೆ ಪಾಪಾಸುಕಳ್ಳಿಯ ಪೊದೆಯಲ್ಲಿ ಕಾಡಿಲಿಗಳ ಗೂಡಿತ್ತು. ಈ ರೋಗ ಹರಡುವ ಕೀಟಗಳು ಬಂದು ಅಡಗಿಕೊಳ್ಳಲು ಇಷ್ಟು ಸಾಕು.

ನಾಯಿ ಮಲಗುವ ಹಲಗೆಯೊಂದನ್ನು ಎತ್ತಿದಾಗ ಅಡಿಯಲ್ಲಿ ಹಿಕ್ಕೆಯ ಕಪ್ಪು, ಬಿಳಿ ಗೆರೆಗಳು ಕಂಡವು. ಸಂದಿನಲ್ಲಿ ಸುಮಾರು ಒಂದು ಅಂಗುಲ ಉದ್ದದ, ಕಡುಕಂದು ಬಣ್ಣದ ಕೀಟವೊಂದು ಅಲುಗದೆ ಕುಳಿತಿತ್ತು. ರಕ್ತ ಹೀರುವ ಇದನ್ನು ಅಲ್ಲಿ ‘ಕಿಸ್ಸಿಂಗ್ ಬಗ್’ ಎನ್ನುತ್ತಾರೆ. ಹೊಟ್ಟೆಯ ಅಂಚಿನಲ್ಲಿ ಹಳದಿ ಪಟ್ಟೆಗಳು, ಮುಂದಕ್ಕೆ ಚಾಚಿದ ಸಣ್ಣ ತಲೆ, ಅದರಡಿಯಲ್ಲಿ ಮಡಿಸಿಟ್ಟ ಕೊಳವೆಯಂಥ ಬಾಯಿ. ಪಕ್ಕದಲ್ಲೇ ರೆಕ್ಕೆ ಮೂಡದ ಮರಿಗಳೂ ಇದ್ದವು. ಒಂದರ ಹೊಟ್ಟೆ ರಕ್ತ ಕುಡಿದು ಉಬ್ಬಿತ್ತು. ಕೈಗವಸು ತೊಟ್ಟು, ಚಿಮಟದಿಂದ ಅವನ್ನು ಡಬ್ಬಿಗೆ ಹಾಕಿದೆವು.

ಪರಾವಲಂಬಿಯಿರುವುದು ಈ ಕೀಟದ ಎಂಜಲಿನಲ್ಲಲ್ಲ, ಹಿಕ್ಕೆಯಲ್ಲಿ. ಕಚ್ಚಿದ ಗಾಯಕ್ಕೋ ಕಣ್ಣಿಗೋ ಆ ಹಿಕ್ಕೆ ತಗುಲಿದರೆ ಸೋಂಕು ಒಳಸೇರುತ್ತದೆ. ನಾಯಿಗಳ ಪಾಡು ಇನ್ನೂ ಕಷ್ಟದ್ದು, ಏಕೆಂದರೆ ಎದುರಿಗೆ ಹರಿದಾಡುವ ಹುಳುವನ್ನು ಅವು ಗಬಕ್ಕನೆ ತಿಂದುಬಿಡುತ್ತವೆ. ಆಮೇಲೆ ವರ್ಷಗಟ್ಟಲೆ ಏನೂ ತೋರದಿರಬಹುದು, ಅಥವಾ ಹೃದಯದ ಬಡಿತ ತಪ್ಪಿ, ಹೊಟ್ಟೆಯಲ್ಲಿ ನೀರು ತುಂಬಿಕೊಳ್ಳಬಹುದು.

"ಮೊಮ್ಮಕ್ಕಳು ಇದೇ ನಾಯಿಗಳೊಂದಿಗೆ ಆಡುತ್ತಾರಲ್ಲ, ಡಾಕ್ಟರೇ?" ಎಂದು ಯಜಮಾನರು ಕೇಳಿದರು. ನಾಯಿಯನ್ನು ಮುದ್ದಿಸಿದರೆ ರೋಗ ಬರುವುದಿಲ್ಲ, ಆದರೆ ನಾಯಿಯ ರಕ್ತ ಕುಡಿದ ಕೀಟ ಮನೆಯೊಳಗೂ ಬರಬಹುದು, ಆದ್ದರಿಂದ ಮನೆಯವರೂ ವೈದ್ಯರನ್ನು ಕಾಣುವುದೊಳ್ಳೆಯದು ಎಂದು ಹಿರಿಯರು ವಿವರಿಸಿದರು. ಅರ್ಜೆಂಟೀನಾದ ಚಾಕೊ ಪ್ರದೇಶದಲ್ಲಿ, ಮಣ್ಣುಗೋಡೆಯ ಮನೆಗಳಲ್ಲಿ ನಾಯಿಗಳು ಜನರ ಜೊತೆಗೇ ಮಲಗುವ ಕಡೆ, ಈ ಸರಪಳಿ ಎಷ್ಟು ಗಟ್ಟಿಯಾಗಿದೆಯೆಂದು ಸಂಶೋಧಕರು ದಶಕಗಳಿಂದ ತೋರಿಸುತ್ತ ಬಂದಿದ್ದಾರೆ.

ನಾಯಿಗಳಿಗೆ ಇದರ ಲಸಿಕೆಯಿಲ್ಲ, ಖಚಿತವಾಗಿ ಗುಣಪಡಿಸುವ ಔಷಧವೂ ಇಲ್ಲ. ಡೆಲ್ಟಾಮೆತ್ರಿನ್ ಎಂಬ ಕೀಟನಾಶಕ ಲೇಪಿತ ಕೊರಳಪಟ್ಟಿಯಿಂದ ಕೀಟಗಳು ರಕ್ತ ಹೀರುವುದು ಕಡಿಮೆಯಾಗುತ್ತದೆ. ಉಣ್ಣಿಗಳ ಕಾಟಕ್ಕೆಂದು ಕೊಡುವ ಫ್ಲುರಲನರ್ ಮಾತ್ರೆ ನುಂಗಿದ ನಾಯಿಯ ರಕ್ತ ಕುಡಿದ ಕೀಟಗಳು ಸಾಯುತ್ತವೆ. ಆದರೆ ಸಾಯುತ್ತಿರುವ ಕೀಟವನ್ನೇ ನಾಯಿ ತಿಂದರೆ ಸೋಂಕಿನ ದಾರಿ ಮತ್ತೆ ತೆರೆಯುತ್ತದೆ. ಹಾಗಾಗಿ ಮಾತ್ರೆಯೊಂದನ್ನೇ ನೆಚ್ಚಿಕೊಳ್ಳುವುದು ನನಗೆ ಸರಿಕಾಣುವುದಿಲ್ಲ. ನಾಯಿ ಮಲಗುವ ಜಾಗವನ್ನು ಮೊದಲು ಸರಿಪಡಿಸಬೇಕು.

ಯಜಮಾನರು ಅಂದೇ ಆಳುಗಳನ್ನು ಕರೆದು ಸೌದೆಯನ್ನು ದೂರಕ್ಕೆ ಸಾಗಿಸಿದರು, ಗೋಡೆಯ ಬಿರುಕು ಮುಚ್ಚಿಸಿದರು, ದೀಪ ತೆಗೆಸಿದರು. ರಕ್ತಪರೀಕ್ಷೆಯ ವರದಿ ಬಂದಾಗ ಸತ್ತ ನಾಯಿಯ ಒಡಹುಟ್ಟಿದ ಹೆಣ್ಣುನಾಯಿಗೂ ಸೋಂಕು ತಗುಲಿತ್ತು. ಅದನ್ನು ಬೇಟೆಯಿಂದ ಬಿಡಿಸಿ, ಕಾಲಕಾಲಕ್ಕೆ ಇಸಿಜಿ ಮಾಡಿಸಲು ಅವರು ತಪ್ಪದೆ ಕರೆತರುತ್ತಿದ್ದಾರೆ.