ಮಗ್ಗಲದಾಗ ಯಾರಿದ್ದಾರ?

15 ಜುಲೈ 2025, ಮಂಗಳವಾರ, ರಾತ್ರಿ

ಮಧ್ಯಾಹ್ನ ಊಟದ ಹೊತ್ತಿಗೆ ಅವ್ವನ ಫೋನು. ಆಫೀಸಿನಲ್ಲಿ ನಾಲ್ಕು ಜನ ಒಟ್ಟಿಗೆ ಡಬ್ಬಿ ಬಿಚ್ಚಿ ಕೂತಿದ್ದೆವು. "ಹೇಳಮ್ಮ, ಊಟ ಆಯ್ತಾ?" ಅಂದೆ. ಆ ಕಡೆ ಒಂದು ಗಳಿಗೆ ಸದ್ದಿಲ್ಲ.

"ಮಗ್ಗಲದಾಗ ಯಾರಿದ್ದಾರ?" ಅಂದಳು.

ಸಿಟ್ಟಿರಲಿಲ್ಲ ದನಿಯಲ್ಲಿ. ಪಂಚಮಿಗೆ ಬರ್ತೀಯೋ ಇಲ್ಲೋ ಕೇಳಿದಳು, ಉಂಡಿಗೆ ಶೇಂಗಾ ತರಿಸಿಟ್ಟದ್ದು ಹೇಳಿದಳು. "ಸರಿ ಅಮ್ಮ, ನೋಡೋಣ" ಅಂತ ಮುಗಿಸಿದೆ. ಸಂಜೆತನಕ ಒಂದೇ ಯೋಚನೆ. "ಅವ್ವ" ಅನ್ನುವ ಎರಡಕ್ಷರ ಆ ಮೂವರ ಮುಂದೆ ನನ್ನ ಬಾಯಿಂದ ಯಾಕೆ ಬರಲಿಲ್ಲ?

ಬೆಂಗಳೂರಿಗೆ ಬಂದ ಹೊಸದರಲ್ಲಿ "ಏನ್ ಮಾಡಾಕತ್ತೀರಿ" ಅಂದದ್ದಕ್ಕೆ ಒಬ್ಬರು ನಕ್ಕಿದ್ದರು. ಇನ್ನೊಮ್ಮೆ ಹೇಳಿ ಅಂತ ಹೇಳಿಸಿ ಮತ್ತೆ ನಕ್ಕರು. ಆವತ್ತಿನಿಂದ ಒಂದೊಂದೇ ಮಾತು ಬಿಡುತ್ತಾ ಬಂದೆ. ಮಾಡಾಕತ್ತೀನಿ ಹೋಗಿ ಮಾಡ್ತಾ ಇದೀನಿ ಆಯಿತು. ಹೋಗೂಣು ಹೋಗಿ ಹೋಗೋಣ. ಮಾತಿನ ತುದಿಯ "ರೀ" ಯಾವಾಗ ಉದುರಿತೋ ಗೊತ್ತೇ ಆಗಲಿಲ್ಲ.

ಅಕ್ಕನ ಮಗಳು ಟಿವಿ ನಿರೂಪಣೆ ಕಲೀತಿದ್ದಾಳೆ. ಮೊನ್ನೆ ಬಂದಾಗ "ಮೌಶಿ, ಇದನ್ನ ಕೇಲಿಸ್ಕೋ" ಅಂದಳು. ಳ ಅನ್ನಬೇಕಾದರೆ ನಾಲಿಗೆ ಹಿಂದಕ್ಕೆ ಮಡಚಿ ಅಂಗುಳಕ್ಕೆ ತಾಗಬೇಕು. ಅವಳು ಬೇಕಂತಲೇ ಹಲ್ಲಿನ ಹಿಂದೆ ನಿಲ್ಲಿಸುತ್ತಾಳೆ. ಧಾರವಾಡದಾಗ ಹುಟ್ಟಿ ಬೆಂಗಲೂರು ಅಂತೀಯಲ್ಲ ಅಂತ ಗದರಿದೆ. ಮುಖ ಸಣ್ಣ ಮಾಡಿಕೊಂಡು, "ಹಂಗ ಅಂದ್ರನ ತಗೋತಾರ ಮೌಶಿ" ಅಂದಳು. ಅದನ್ನು ಮಾತ್ರ ನಮ್ಮ ಭಾಷೆಯಲ್ಲೇ. ಅವಳಿಗೆ ಗದರುವ ಹಕ್ಕು ನನಗೆಲ್ಲಿತ್ತು.

ಬೇಂದ್ರೆಯವರ ಮನೆಮಾತು ಮರಾಠಿ. ಆದರೂ ಧಾರವಾಡದ ಓಣಿಯ ಕನ್ನಡವನ್ನೇ ಪದ್ಯಕ್ಕೆ ತಂದರು. 1973ರ ಜ್ಞಾನಪೀಠ ಅವರಿಗೆ ಬಂತು. ಶಾಲೆಯಲ್ಲಿ ಆ ಪದ್ಯಗಳನ್ನು ಬಾಯಿಪಾಠ ಹೇಳಿ ಬಹುಮಾನ ತಂದವಳು ನಾನು. ಹಾಡಿದರೆ ಇಲ್ಲಿನವರೂ ಕಣ್ಣು ಮುಚ್ಚಿ ತಲೆದೂಗುತ್ತಾರೆ. ಅದೇ ಮಾತು ಫೋನಿನಲ್ಲಿ ಆಡಲಿಕ್ಕೆ ಯಾಕೆ ಈ ನಾಚಿಕೆ?

ಹೊರಗೆ ಮಳೆ. ಇವರು ಇಲ್ಲೇ ಕ್ರಿಕೆಟ್ ನೋಡುತ್ತಾ ಕೂತಿದ್ದಾರೆ. ಮದುವೆಯಾಗಿ ಇಷ್ಟು ವರ್ಷವಾದರೂ ಇವರ ಮುಂದೆ ಅವ್ವನ ಜೊತೆ ಬಾಯಿ ತುಂಬ ಮಾತಾಡಿದ್ದು ನೆನಪಿಲ್ಲ.

ಒಂಬತ್ತೂವರೆ. ಅವ್ವ ಇನ್ನೂ ಮಲಗಿರಲಿಕ್ಕಿಲ್ಲ. ಫೋನ್ ಹಚ್ಚಿ "ಅವ್ವಾ, ಪಂಚಮಿಗೆ ಬರ್ತೀನಿ ಬೇ" ಅನ್ನಬೇಕು. ಅಡಿಗೆಮನೆಗೆ ಹೋಗಿ ಮಾಡಲೋ, ಇಲ್ಲೇ ಇವರ ಮುಂದನ