ಹೂಸ್ಟನ್ ಪಕ್ಕದಲ್ಲೇ ಉರಿಯುವ ಕಲ್ಲಿದ್ದಲು

ಅಮೆರಿಕದ ಟೆಕ್ಸಾಸ್ ರಾಜ್ಯದ ಹೂಸ್ಟನ್‌ಗೆ ಬರುವ ನಮ್ಮವರಲ್ಲಿ ತುಂಬಾ ಜನ ಮನೆ ಮಾಡುವುದು ನಗರದ ನೈರುತ್ಯಕ್ಕಿರುವ ಶುಗರ್ ಲ್ಯಾಂಡ್, ರಿಚ್ಮಂಡ್ ಕಡೆ. ಒಳ್ಳೆಯ ಶಾಲೆಗಳು, ಅಗಲವಾದ ರಸ್ತೆಗಳು. ಮನೆ ನೋಡುವಾಗ ಮಳೆಗೆ ನೀರು ನುಗ್ಗುತ್ತದಾ ಅಂತ ಎಲ್ಲರೂ ವಿಚಾರಿಸುತ್ತಾರೆ. ಗಾಳಿಯ ಬಗ್ಗೆ ಕೇಳುವವರು ಕಡಿಮೆ.

ಅಲ್ಲಿಂದ ಸ್ವಲ್ಪವೇ ದಕ್ಷಿಣಕ್ಕೆ, ಥಾಂಪ್ಸನ್ಸ್ ಅನ್ನುವ ಪುಟ್ಟ ಊರಿನ ಹತ್ತಿರ, ಸ್ಮಿದರ್ಸ್ ಕೆರೆಯ ದಡದಲ್ಲಿ ಡಬ್ಲ್ಯು.ಎ. ಪ್ಯಾರಿಷ್ ವಿದ್ಯುತ್ ಸ್ಥಾವರ ಇದೆ. ಗ್ಯಾಸ್, ಕಲ್ಲಿದ್ದಲು ಎರಡೂ ಸೇರಿ ಸುಮಾರು 3,650 ಮೆಗಾವಾಟ್, ಅದರಲ್ಲಿ 2,500ರ ಆಸುಪಾಸು ಕಲ್ಲಿದ್ದಲಿನದೇ. ಕಲ್ಲಿದ್ದಲು ವಯೋಮಿಂಗ್ ರಾಜ್ಯದಿಂದ ರೈಲಿನಲ್ಲಿ ಬರುತ್ತದೆ. ಬ್ರಾಜೋಸ್ ಬೆಂಡ್ ಪಾರ್ಕ್‌ಗೆ ಅಲಿಗೇಟರ್ ನೋಡಲು ಹೋಗುವವರು ದಾರಿಯಲ್ಲಿ ಆ ಚಿಮಣಿಗಳನ್ನು ಕಂಡಿರುತ್ತಾರೆ, ಏನೋ ಫ್ಯಾಕ್ಟರಿ ಅಂದುಕೊಂಡು ಮುಂದೆ ಹೋಗಿರುತ್ತಾರೆ.

ಕಲ್ಲಿದ್ದಲಿನ ಘಟಕಗಳು ನಾಲ್ಕು, ಅವುಗಳ ನಂಬರ್ ಐದರಿಂದ ಎಂಟು. ಎಲ್ಲವೂ 1977ರಿಂದ 1982ರ ನಡುವೆ ಶುರುವಾದವು. ಹೊಗೆಯಲ್ಲಿರುವ ಸಲ್ಫರ್ ಡೈಆಕ್ಸೈಡನ್ನು ತೊಳೆದು ತೆಗೆಯುವ ಯಂತ್ರಕ್ಕೆ ಸ್ಕ್ರಬ್ಬರ್ ಅನ್ನುತ್ತಾರೆ. ಅದು ಇರುವುದು ಎಂಟನೇ ನಂಬರಿನ ಘಟಕಕ್ಕೆ ಮಾತ್ರ. ಉಳಿದ ಮೂರಕ್ಕೆ ಇಲ್ಲ! ಬೂದಿ ಹಿಡಿಯುವ ಫಿಲ್ಟರ್ ಇದೆ, ನೈಟ್ರೋಜನ್ ಆಕ್ಸೈಡ್ ಕಡಿಮೆ ಮಾಡುವ ವ್ಯವಸ್ಥೆಯೂ ಇದೆ, ವಯೋಮಿಂಗ್ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ ಅನ್ನುವುದೂ ನಿಜ. ಆದರೆ ಉರಿಯುವ ಪ್ರಮಾಣ ನೋಡಿ. ಕಣ್ಣಿಗೆ ಕಾಣದ ಸಲ್ಫರ್ ಡೈಆಕ್ಸೈಡ್ ಗಾಳಿಯಲ್ಲಿ ಸಾಗುತ್ತಾ ಅತಿ ಸಣ್ಣ ಕಣಗಳಾಗಿ ಬದಲಾಗುತ್ತದೆ, ಆ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ, ಆಸ್ತಮಾ ಇರುವ ಮಕ್ಕಳಿಗೂ ಹೃದಯದ ತೊಂದರೆ ಇರುವ ಹಿರಿಯರಿಗೂ ಅದರಿಂದ ಅಪಾಯ ಜಾಸ್ತಿ. ಬೇಸಿಗೆಯಲ್ಲಿ ಇಲ್ಲಿ ಗಾಳಿ ಹೆಚ್ಚಾಗಿ ದಕ್ಷಿಣದ ಸಮುದ್ರದ ಕಡೆಯಿಂದ ಬೀಸುತ್ತದೆ. ಅಂದರೆ ಸ್ಥಾವರದಿಂದ ನಮ್ಮ ಮನೆಗಳ ಕಡೆಗೇ ಅಲ್ವಾ?

ಇಲ್ಲೇ ಪೆಟ್ರಾ ನೋವಾ ಅನ್ನುವ ದೊಡ್ಡ ಯೋಜನೆಯೂ ಇದೆ. ಎಂಟನೇ ಘಟಕದ ಹೊಗೆಯಲ್ಲಿ ಒಂದು ಭಾಗವನ್ನು, ಅಂದರೆ 240 ಮೆಗಾವಾಟ್ ಕರೆಂಟ್ ತಯಾರಿಸುವಾಗ ಬರುವಷ್ಟು ಹೊಗೆಯನ್ನು ತಿರುಗಿಸಿ ಅದರಿಂದ ಕಾರ್ಬನ್ ಡೈಆಕ್ಸೈಡ್ ಹಿಡಿಯುತ್ತಾರೆ. ಖರ್ಚು ಸುಮಾರು 100 ಕೋಟಿ ಡಾಲರ್, ಅದರಲ್ಲಿ ಸರ್ಕಾರದ ಹಣವೂ ಇದೆ. ಶುರುವಾಗಿದ್ದು 2017ರಲ್ಲಿ. ಹಿಡಿದ ಅನಿಲ ಪೈಪ್‌ನಲ್ಲಿ ಸುಮಾರು 80 ಮೈಲಿ ದೂರದ ವೆಸ್ಟ್ ರ‍್ಯಾಂಚ್ ಎಣ್ಣೆ ಬಾವಿಗಳಿಗೆ ಹೋಗುತ್ತದೆ, ನೆಲದೊಳಗಿನಿಂದ ಇನ್ನಷ್ಟು ಎಣ್ಣೆ ಎತ್ತಲು. 2020ರಲ್ಲಿ ಎಣ್ಣೆಯ ಬೆಲೆ ಕುಸಿದಾಗ ಇದೂ ನಿಂತಿತು. ಮತ್ತೆ ಶುರುವಾಗಿದ್ದು 2023ರಲ್ಲಿ. ಇಷ್ಟು ಹಣ ಒಂದು ಘಟಕದ ಅರ್ಧಕ್ಕಿಂತ ಕಡಿಮೆ ಹೊಗೆಗೆ ಸಿಕ್ಕಿತು, ಆದರೆ ಎಷ್ಟೋ ವರ್ಷಗಳಿಂದ ಎಲ್ಲರಿಗೂ ಗೊತ್ತಿರುವ ಸ್ಕ್ರಬ್ಬರ್ ಉಳಿದ ಮೂರು ಘಟಕಗಳಿಗೆ ಬರಲಿಲ್ಲ. ಇದು ನನಗೆ ತುಂಬಾ ಬೇಸರ ತರುವ ವಿಷಯ.

ಟೆಕ್ಸಾಸ್‌ನ ಈ ಭಾಗದಲ್ಲಿ ಕರೆಂಟ್ ಪ್ಲಾನ್ ನಾವೇ ಆರಿಸಿಕೊಳ್ಳಬಹುದು. ಗಾಳಿ, ಬಿಸಿಲಿನ ಕರೆಂಟ್ ಅಂತಲೇ ಪ್ಲಾನ್ ಸಿಗುತ್ತದೆ, ತುಂಬಾ ಜನ ತಗೊಳ್ಳುತ್ತಾರೆ. ಒಳ್ಳೆಯದೇ. ಆದರೆ ಅಷ್ಟಕ್ಕೇ ಪ್ಯಾರಿಷ್‌ನ ಹೊಗೆ ನಿಲ್ಲುವುದಿಲ್ಲ, ಎಲ್ಲರ ಕರೆಂಟೂ ಒಂದೇ ಗ್ರಿಡ್‌ನಲ್ಲಿ ಹರಿಯುತ್ತದೆ. ಸ್ಥಾವರದ ಪರ್ಮಿಟ್ ವಿಚಾರ ಟೆಕ್ಸಾಸ್ ಪರಿಸರ ಆಯೋಗದ ಮುಂದೆ ಬಂದಾಗ ಯಾರು ಬೇಕಾದರೂ ಅಭಿಪ್ರಾಯ ಬರೆಯಬಹುದು. ಅದಕ್ಕೆ ಇಲ್ಲಿನ ಪೌರತ್ವ ಬೇಕಿಲ್ಲ. ವೀಸಾದಲ್ಲಿದ್ದೇವೆ, ನಮಗ್ಯಾಕೆ ಅಂತ ಸುಮ್ನೆ ಇರುವ ಸ್ನೇಹಿತರಿಗೆ ನಾನು ಹೇಳುವುದು ಇದನ್ನೇ. ನಿಮ್ಮ ಮಗಳೋ ತಮ್ಮನೋ ಈ ಕಡೆ ಮನೆ ಹುಡುಕುತ್ತಿದ್ದರೆ ಅವರಿಗೂ ತಿಳಿಸಿ.